ಆರ್1 ಮೇಲೆ ಇಪ್ಪತ್ತು ನಿಮಿಷ

ಗೆಳೆಯನ ಯಮಹಾ ಆರ್1 ಬೈಕ್ ಸ್ಟಾರ್ಟ್ ಮಾಡಿದ ಕೂಡಲೇ ಬಂದ ಅನುಮಾನ, ಒಂದು ಸಿಲಿಂಡರ್ ಫೈರ್ ಆಗ್ತಿಲ್ವೇನೋ! ನಾಲ್ಕು ಸಿಲಿಂಡರ್ ಗಾಡಿ ಎಂದರೆ ಒಂದೇ ಸಮ ಸದ್ದು ಕೇಳಿ ನನಗೆ ರೂಢಿ. ಇದು ಮುಗ್ಗರಿಸುತ್ತಾ ಗುಡುಗುತ್ತಿತ್ತು. "ಕೆಟ್ಟಿಲ್ಲ ಮಾರಾಯ, ಇದರ ದನಿಯೇ ಹೀಗೆ" ಎಂದು ಅವನು ನಕ್ಕ.

2009ರಿಂದ ಆರ್1ಗೆ ಇರುವುದು ಕ್ರಾಸ್‌ಪ್ಲೇನ್ ಕ್ರ್ಯಾಂಕ್. ಪಿಸ್ಟನ್ ಮೇಲೆ ಕೆಳಗೆ ಓಡುವುದನ್ನು ಸುತ್ತಾಗಿ ಬದಲಿಸುವ ದಂಡವೇ ಕ್ರ್ಯಾಂಕ್. ನನ್ನ ಗಾಡಿಯಂಥ ಮಾಮೂಲಿ ಇಂಜಿನ್‌ನಲ್ಲಿ ಎರಡು ಪಿಸ್ಟನ್ ಮೇಲಿದ್ದಾಗ ಇನ್ನೆರಡು ಕೆಳಗೆ. ನಾಲ್ಕೂ ಒಟ್ಟಿಗೆ ನಿಲ್ಲುತ್ತವೆ, ಒಟ್ಟಿಗೆ ಓಡುತ್ತವೆ. ಇದರಿಂದ ಒಂದೊಂದು ಸುತ್ತಿನಲ್ಲೂ ಕ್ರ್ಯಾಂಕ್‌ಗೆ ಜಗ್ಗಾಟ. ಆರ್‌ಪಿಎಂ, ಅಂದರೆ ನಿಮಿಷಕ್ಕೆ ಹೊಡೆಯುವ ಸುತ್ತು, ಏರಿದಷ್ಟೂ ಅದು ಜಾಸ್ತಿ. ಕ್ರಾಸ್‌ಪ್ಲೇನ್‌ನಲ್ಲಿ ಪಿಸ್ಟನ್‌ಗಳ ನಡುವೆ 90 ಡಿಗ್ರಿ ಅಂತರ. ಎರಡು ನಿಂತಾಗ ಉಳಿದೆರಡು ಓಟದಲ್ಲಿರುತ್ತವೆ, ಜಗ್ಗಾಟ ಬಹುಪಾಲು ಅಲ್ಲಲ್ಲೇ ವಜಾ ಆಗುತ್ತದೆ. ಆದರೆ ಒಂದು ಸಿಲಿಂಡರ್ ಫೈರ್ ಆಗಿ ಇನ್ನೊಂದು ಆಗುವ ನಡುವಿನ ಅಂತರ ಒಂದೇ ಸಮ ಇಲ್ಲ, 270, 180, 90, 180 ಡಿಗ್ರಿ. ಅದಕ್ಕೇ ಆ ಮುಗ್ಗರಿಸುವ ಸದ್ದು.

ಸುಮ್ನೆ ಥಿಯರಿ ಅಂದುಕೊಂಡಿದ್ದೆ, ಟ್ರ್ಯಾಕ್‌ಗೆ ಇಳಿಯುವವರೆಗೆ.

ಅವನದು 2015ರ ಮಾಡೆಲ್. 998 ಸಿಸಿ, ಸುಮಾರು 200 ಕುದುರೆ ಶಕ್ತಿ, ಪೆಟ್ರೋಲ್ ತುಂಬಿಸಿದರೂ 199 ಕೆ.ಜಿ. ಮೊದಲ ಗೇರ್‌ನಲ್ಲೇ ವೇಗ ಗಂಟೆಗೆ 140 ಕಿ.ಮೀ. ದಾಟಿತು. ಪೂರ್ತಿ ಶಕ್ತಿ ಬರುವ 13,500 ಆರ್‌ಪಿಎಂನಲ್ಲಿ ಕ್ರ್ಯಾಂಕ್ ಸೆಕೆಂಡಿಗೆ 225 ಸುತ್ತು ಹೊಡೆಯುತ್ತದೆ. ನಾನಂತೂ ಅಲ್ಲಿಗೆ ಒಂದೇ ಸಲ ಹೋಗಿದ್ದು, ಅದೂ ನೇರ ದಾರಿಯಲ್ಲಿ, ಹಲ್ಲು ಕಚ್ಚಿಕೊಂಡು.

ಮಜಾ ಇದ್ದದ್ದು ತಿರುವಿನಲ್ಲಿ. ಗಾಡಿ ಇನ್ನೂ ವಾಲಿರುವಾಗಲೇ ಥ್ರಾಟಲ್ ಕೂದಲೆಳೆಯಷ್ಟು ತೆರೆದೆ. ಹಿಂದಿನ ಟೈರ್ ಮೇಲೆ ಭಾರ ಕೂತದ್ದು ಸೀಟಿನಲ್ಲೇ ತಿಳಿಯಿತು. ಇನ್ನಷ್ಟು ತೆರೆದೆ, ಇನ್ನಷ್ಟೇ ತಳ್ಳಿತು. ನನ್ನ ಗಾಡಿಯಲ್ಲಿ ಇದನ್ನು ಊಹಿಸಬೇಕು, ಇಲ್ಲಿ ಕ್ರ್ಯಾಂಕ್ ಜಗ್ಗಾಟ ಕಡಿಮೆಯಾದ್ದರಿಂದ ಮಣಿಕಟ್ಟಿಗೇ ಗೊತ್ತಾಗುತ್ತಿತ್ತು. ಧೈರ್ಯ ಬಂತು, ಅಲ್ವಾ? ಮುಂದಿನ ತಿರುವಿನಲ್ಲಿ ಆತುರಪಟ್ಟೆ. ಹಿಂಬದಿ ಸರಕ್ಕನೆ ಪಕ್ಕಕ್ಕೆ ಜಾರಿತು. ಡ್ಯಾಶ್‌ನಲ್ಲಿ ದೀಪ ಪಟಪಟ ಮಿನುಗಿತು, ಚಕ್ರ ಜಾರದಂತೆ ನೋಡಿಕೊಳ್ಳುವ ಟ್ರ್ಯಾಕ್ಷನ್ ಕಂಟ್ರೋಲ್ ಶಕ್ತಿ ತಗ್ಗಿಸಿತು. ನಾನು ಹೆದರುವಷ್ಟರಲ್ಲಿ ಗಾಡಿ ಸರಿಹೋಗಿತ್ತು. ಎಷ್ಟು ವಾಲಿದೆ, ಎಷ್ಟು ಜಾರಿದೆ ಎಂದು ಸೆನ್ಸರ್‌ಗಳು ಲೆಕ್ಕ ಇಡುತ್ತಲೇ ಇರುತ್ತವೆ. ಉಳಿಸಿದ್ದು ಅವು, ನನ್ನ ಕೈಚಳಕ ಅಲ್ಲವೇ ಅಲ್ಲ.

ವಾಪಸ್ ಬಂದಾಗ ಗ್ಲೌಸ್ ಬಿಚ್ಚಲು ಬೆರಳು ಬಗ್ಗುತ್ತಿರಲಿಲ್ಲ. ತೊಡೆಗೆ ಇಂಜಿನ್ ಕಾವು ಬಡಿದು ಉರಿ. ಗೆಳೆಯ ಏನೂ ಕೇಳಲಿಲ್ಲ. ಬಗ್ಗಿ ಹಿಂದಿನ ಟೈರ್‌ನ ಅಂಚು ನೋಡಿದ. ಅಲ್ಲಿ, ನಾನು ವಾಲಿಸಿದ್ದು ಸಾಲದೆ ನೆಲ ತಾಗದ ರಬ್ಬರ್ ಎರಡು ಬೆರಳಗಲ ಹೊಸದರ ಹಾಗೇ ಉಳಿದಿತ್ತು.