ಬಾತ್ ಊರಿನ ಹಳದಿ ಬಾಗಿಲು

ಇಂಗ್ಲೆಂಡಿನ ಬಾತ್‌ಗೆ ಬಂದವರು ರಾಯಲ್ ಕ್ರೆಸೆಂಟ್ ಎದುರಿನ ಹುಲ್ಲುಹಾಸಿನ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳದೆ ಹೋಗುವುದಿಲ್ಲ. ಅರ್ಧಚಂದ್ರಾಕಾರವಾಗಿ ಒಂದಕ್ಕೊಂದು ಅಂಟಿಕೊಂಡ 30 ಮನೆ, ಜೇನುಬಣ್ಣದ ಕಲ್ಲು, ಬಿಳಿ ಬಾಗಿಲು. 22ನೇ ನಂಬರಿನದು ಮಾತ್ರ ಹಳದಿ. 1970ರ ದಶಕದಲ್ಲಿ ಆ ಮನೆಯೊಡತಿ ಬಾಗಿಲಿಗೆ ತಿಳಿಹಳದಿ ಹೊಡೆಸಿದಾಗ ಊರಿನ ಆಡಳಿತ ನೋಡುವ ಕೌನ್ಸಿಲ್ ನೋಟಿಸ್ ಕೊಟ್ಟಿತು. ಆಕೆ ಜಗ್ಗಲಿಲ್ಲ. ಸಾರ್ವಜನಿಕ ವಿಚಾರಣೆಯವರೆಗೂ ಎಳೆದು ಗೆದ್ದರು. ಊರಿನಿಂದ ಬಂದ ನೆಂಟರಿಗೆ ನಾನು ಮೊದಲು ತೋರಿಸುವುದು ಅದನ್ನೇ.

ಆಮೇಲೆ ಹಿಂಬದಿಯ ರಸ್ತೆಗೆ ಕರೆದೊಯ್ಯುತ್ತೇನೆ. 1767ರಿಂದ 1774ರೊಳಗೆ ಇದನ್ನು ಕಟ್ಟಿಸಿದ ಕಿರಿಯ ಜಾನ್ ವುಡ್ ರೂಪಿಸಿದ್ದು ಎದುರು ಗೋಡೆಯನ್ನು ಮಾತ್ರ. ಕೊಂಡವರು ತಮಗೆ ಬೇಕಾದ ವಾಸ್ತುಶಿಲ್ಪಿಯನ್ನಿಟ್ಟು ಅದರ ಹಿಂದೆ ಮನೆ ಕಟ್ಟಿಸಿಕೊಂಡರು. ಹಾಗಾಗಿ ಮುಂದೆ ಕಂಬಗಳು ಕವಾಯತಿಗೆ ನಿಂತಂತಿದ್ದರೆ, ಹಿಂದೆ ಒಂದು ಮಾಡು ಮೇಲೆ, ಒಂದು ಕೆಳಗೆ, ಕಿಟಕಿಗಳೆಲ್ಲ ದಿಕ್ಕಾಪಾಲು. ಬೀದಿಯ ಮುಖ ಎಲ್ಲರದು, ಒಳಗಿನದು ನಿನ್ನದು ಎಂಬ ಆ ಒಪ್ಪಂದ ನನಗೆ ಈಗಿನ ಕಾನೂನಿಗಿಂತ ಹೆಚ್ಚು ಇಷ್ಟ.

ಈಗ ಒಳಗಿನದೂ ಪೂರ್ತಿ ನಿಮ್ಮದಲ್ಲ. ಊರಲ್ಲಿ ಸುಮಾರು 5,000 ಕಟ್ಟಡಗಳು ಸಂರಕ್ಷಿತ ಪಟ್ಟಿಯಲ್ಲಿವೆ. ನಮ್ಮ ಬಾಡಿಗೆ ಫ್ಲ್ಯಾಟ್ ಇರುವ ಹಳೇ ಮನೆಯೂ ಅವುಗಳಲ್ಲೊಂದು. ಪಟ್ಟಿಗೆ ಸೇರಿದ ಮೇಲೆ ಮೆಟ್ಟಿಲ ಕಟಕಟೆ, ಗಾರೆಯ ಹೂಬಳ್ಳಿ, ಅಗ್ಗಿಷ್ಟಿಕೆಯ ಚೌಕಟ್ಟು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಕಟ್ಟಡದ ಸ್ವರೂಪಕ್ಕೆ ಧಕ್ಕೆಯಾಗುವ ಕೆಲಸವನ್ನು ಅನುಮತಿಯಿಲ್ಲದೆ ಮಾಡಿದರೆ ದಂಡವಷ್ಟೇ ಅಲ್ಲ, ಅದು ಕ್ರಿಮಿನಲ್ ಅಪರಾಧ.

ಚಳಿಗಾಲದಲ್ಲಿ ಇದರ ಬಿಸಿ, ಅಂದರೆ ತಣ್ಣನೆ, ಮುಟ್ಟುವುದು ಕಿಟಕಿಯಲ್ಲಿ. ಮೇಲೆ ಕೆಳಗೆ ಜಾರುವ ಮರದ ಚೌಕಟ್ಟು. ಪಕ್ಕದ ಪೆಟ್ಟಿಗೆಯೊಳಗೆ ಹಗ್ಗಕ್ಕೆ ನೇತುಬಿಟ್ಟ ಕಬ್ಬಿಣದ ತೂಕ. ಎತ್ತಿದರೆ ಒಳಗೆ ಗಡಗಡ ಸದ್ದು. ಗಾಜು ಒಂದೇ ಪದರ. ಬೆಳಿಗ್ಗೆ ಏಳುವಷ್ಟರಲ್ಲಿ ಹನಿಗಳು ಇಳಿದು ಹಲಗೆ ಮೇಲಿನ ಟವೆಲ್ ಒದ್ದೆ. ಪ್ಲಾಸ್ಟಿಕ್ ಚೌಕಟ್ಟಿನ ಜೋಡಿ ಗಾಜು ಹಾಕಿಸುವ ಮಾತೇ ಇಲ್ಲ. ಮಾಲೀಕರು ಕೊನೆಗೆ ಒಳಬದಿಗೆ ಇನ್ನೊಂದು ತೆಳು ಗಾಜಿನ ಪರದೆ ಕೂರಿಸಿದರು, ಹೊರಗಿನವರಿಗೆ ಕಾಣದ ಹಾಗೆ. "ನಿಮ್ಮನೆ ಕಿಟಕಿಗೆ ಯಾರನ್ನೋ ಕೇಳಬೇಕೇನೇ?" ಎಂದು ಅಮ್ಮ ಫೋನಿನಲ್ಲಿ ನಕ್ಕರು. ಅರ್ಜಿಗೆ ಶುಲ್ಕವಿಲ್ಲಮ್ಮ, ನಕ್ಷೆ ಬರೆಸೋಕೆ ದುಡ್ಡು ಹೋಗುತ್ತೆ ಅಂದೆ.

ಬೈದುಕೊಂಡರೂ ಈ ಬಿಗಿ ಎಲ್ಲಿಂದ ಬಂತೆಂದು ತಿಳಿದರೆ ಕೋಪ ಅರ್ಧ ಇಳಿಯುತ್ತದೆ. 1942ರ ಏಪ್ರಿಲ್‌ನಲ್ಲಿ ಜರ್ಮನ್ ಬಾಂಬುಗಳು ಊರನ್ನು ಹೊಡೆದವು. ಯುದ್ಧ ಮುಗಿದ ಮೇಲೆ, 60 ಮತ್ತು 70ರ ದಶಕಗಳಲ್ಲಿ, ಸಿರಿವಂತರ ಸಾಲುಮನೆ ಉಳಿಸಿ ಕುಶಲಕರ್ಮಿಗಳ ಚಿಕ್ಕ ಮನೆಗಳನ್ನು ಊರಿನ ಆಡಳಿತದವರೇ ಸಾಲುಸಾಲಾಗಿ ಕೆಡವಿದರು. ಜನರ ಸಿಟ್ಟು ಭುಗಿಲೆದ್ದ ಮೇಲೆಯೇ ಆ ಕೈ ನಿಂತಿದ್ದು. ಸಂರಕ್ಷಿತ ಪ್ರದೇಶಗಳ ಕಾಯ್ದೆ ಬಂದದ್ದು 1967ರಲ್ಲೇ, ಎಂದರೆ ಕಾಯ್ದೆ ಇದ್ದೂ ಕೆಡವಿದರು! 1987ರಲ್ಲಿ ಇಡೀ ಊರು ಯುನೆಸ್ಕೊ ಪಟ್ಟಿ ಸೇರಿತು.

ಮರಗಳಿಗೂ ಈ ನಿಯಮ ಬಿಟ್ಟಿಲ್ಲ. ಸಂರಕ್ಷಿತ ಪ್ರದೇಶದಲ್ಲಿ ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಾಂಡದ ಅಡ್ಡಳತೆ 7.5 ಸೆಂ.ಮೀ. ದಾಟಿದ್ದರೆ, ಕಡಿಯುವ ಆರು ವಾರ ಮೊದಲೇ ಕೌನ್ಸಿಲ್‌ಗೆ ತಿಳಿಸಬೇಕು. ಕೆಳಮನೆಯ ಅಜ್ಜಿ ಮಾತ್ರ ಯಾವ ಗಿಡವನ್ನೂ ಆ ಅಳತೆಗೆ ಬೆಳೆಯಲು ಬಿಡುವುದಿಲ್ಲ.