ಮೂವತ್ತೆಂಟು ಕಂಬ ಮತ್ತು ನನ್ನ ಎಸ್ಟಿಮೇಟ್

ರಸ್ತೆ ಅರ್ಧಕ್ಕೆ ನಿಂತರೆ ಊರವರು ಮೊದಲು ಬೈಯುವುದು ಗುತ್ತಿಗೆದಾರನನ್ನು. ಮಲೆನಾಡಿನ ಒಂದು ಉಪವಿಭಾಗದಲ್ಲಿ ಜೂನಿಯರ್ ಎಂಜಿನಿಯರ್ ಆಗಿದ್ದಾಗ ನಾನೂ ಅದನ್ನೇ ಮಾಡುತ್ತಿದ್ದೆ. ಆಮೇಲೆ ನಾನೇ ಎಸ್ಟಿಮೇಟ್ ಹಾಕಿದ 6 ಕಿ.ಮೀ. ರಸ್ತೆಯೊಂದು ನಿಂತಿತು.

ಕೆಲಸ ಸರಳ. 3.75 ಮೀಟರ್ ಅಗಲದ ಡಾಂಬರು ರಸ್ತೆಯನ್ನು 5.5 ಮೀಟರಿಗೆ ಅಗಲ ಮಾಡಬೇಕು. ಜಲ್ಲಿ, ಡಾಂಬರು, ಮೋರಿ, ಮಣ್ಣು ಅಗೆತ, ಎಲ್ಲಾ ಎಸ್‌ಆರ್ ದರದಲ್ಲಿ (ಇಲಾಖೆಯ ದರಪಟ್ಟಿಯಂತೆ) ಕೂಡಿಸಿ ಕೊಟ್ಟೆ. ಪಕ್ಕದಲ್ಲೇ 38 ವಿದ್ಯುತ್ ಕಂಬ ಇದ್ದವು. ನೋಡಿದ್ದೆ. ಆದರೆ ಅವನ್ನು ಸರಿಸುವ ಖರ್ಚು ಸೇರಿಸಿದರೆ ಮಂಜೂರಾದ ಮೊತ್ತ ದಾಟುತ್ತಿತ್ತು. 'ಆಮೇಲೆ ನೋಡಿಕೊಳ್ಳೋಣ' ಅಂದರು ಮೇಲಿನವರು, ನಾನೂ ಸುಮ್ಮನಾದೆ.

ಟೆಂಡರ್ ಕರೆದದ್ದು ಮಾರ್ಚ್ ಕೊನೆಗೆ. ವರ್ಷದ ಲೆಕ್ಕ ಮುಗಿಯುವ ಮೊದಲು ಟೆಂಡರ್ ಆಗಿದೆ ಅಂತ ತೋರಿಸಬೇಕಲ್ವಾ? ಸರ್ಕಾರಿ ಟೆಂಡರುಗಳಿಗೆ ಇರುವ 1999ರ ಪಾರದರ್ಶಕ ಕಾಯ್ದೆಯ ನಿಯಮದಂತೆ ಆಗ 2 ಕೋಟಿ ದಾಟಿದ ಕೆಲಸಕ್ಕೆ ಬಿಡ್ ಹಾಕಲು 60 ದಿನ ಬಿಡಬೇಕಿತ್ತು. ಕಡಿಮೆ ಮಾಡಲು ಮೇಲಿನ ಅಧಿಕಾರಿ ಕಾರಣ ಬರೆದು ಒಪ್ಪಬೇಕು. ನಮ್ಮದನ್ನು ಅಲ್ಪಾವಧಿ ಟೆಂಡರ್ ಮಾಡಿದರು. ಅಷ್ಟು ಅವಸರಪಟ್ಟರೂ ತಾಂತ್ರಿಕ ಬಿಡ್, ದರದ ಬಿಡ್, ಕರಾರು ಎಲ್ಲಾ ಮುಗಿದು ವರ್ಕ್ ಆರ್ಡರ್ ಕೈಗೆ ಬಂದದ್ದು ಜೂನ್ ಮೊದಲ ವಾರ. ಮುಂಗಾರು ಬಂದಾಗಿತ್ತು. ಕರಾರಿನಲ್ಲಿ ಬರೆದಿದ್ದು 'ಮಳೆಗಾಲ ಸೇರಿ 9 ತಿಂಗಳು'. ಅದರಲ್ಲಿ ನಾಲ್ಕು ತಿಂಗಳು ಕೊಡೆ ಹಿಡಿದೇ ಹೋಯಿತು.

ಎಲ್-1 ಬಂದವರು, ಅಂದರೆ ಎಲ್ಲರಿಗಿಂತ ಕಡಿಮೆ ದರ ಹಾಕಿದವರು, ಶೇ. 18 ಬಿಲೋ (ಎಸ್ಟಿಮೇಟಿಗಿಂತ ಕಡಿಮೆ) ಹಾಕಿದ್ದರು. ಸರ್ಕಾರಕ್ಕೆ ಉಳಿತಾಯ ಅಂತ ಆಫೀಸಿನಲ್ಲಿ ಖುಷಿ. ಅಕ್ಟೋಬರಿನಲ್ಲಿ ಬಂದು ಎರಡೂ ಬದಿ ಅಗೆದರು, ಕಂಬದ ಹತ್ತಿರ ನಿಂತರು. ನಾನು ಓಡಾಡಿ ವಿದ್ಯುತ್ ಕಂಪನಿಯಿಂದ ಶಿಫ್ಟಿಂಗ್ ಎಸ್ಟಿಮೇಟ್ ತಂದೆ. ಅದಕ್ಕೆ ದುಡ್ಡು ಬೇರೆ ಮಂಜೂರಾಗಬೇಕು, ಕಟ್ಟಬೇಕು, ಆಮೇಲೆ ಅವರ ಗುತ್ತಿಗೆದಾರ ಬರಬೇಕು. ಫೆಬ್ರವರಿ ಬಂತು. ಅಷ್ಟರಲ್ಲಿ ಡಾಂಬರಿನ ಬೆಲೆ ಏರಿತ್ತು, ಅವಧಿ ಒಂದು ವರ್ಷದೊಳಗೆ ಇದ್ದದ್ದರಿಂದ ಬೆಲೆ ಏರಿಕೆ ಕೊಡುವ ಷರತ್ತು ಕರಾರಿನಲ್ಲಿ ಇರಲಿಲ್ಲ, ಶೇ. 18 ಬಿಟ್ಟುಕೊಟ್ಟವರ ಹತ್ತಿರ ಉಳಿದದ್ದಾದರೂ ಏನು? ಒಂದು ಬೆಳಿಗ್ಗೆ ಹೋಗಿ ನೋಡಿದರೆ ರೋಲರ್ ಇಲ್ಲ. ಬಿಲ್ಲು ಬೇಗ ಆಗುವ ಬೇರೆ ಕೆಲಸಕ್ಕೆ ಸಾಗಿಸಿದ್ದರು.

ಎರಡನೇ ಮಳೆಗಾಲದಲ್ಲಿ ಅಗೆದ ಬದಿ ಕಾಲುವೆಯಾಯಿತು. ಹಾಲಿನ ಕ್ಯಾನ್ ಕಟ್ಟಿಕೊಂಡಿದ್ದ ಬೈಕೊಂದು ಅದರೊಳಗೆ ಬಿತ್ತು. ಪುಣ್ಯಕ್ಕೆ ಹುಡುಗನಿಗೆ ಮೊಣಕೈ ತರಚಿದ್ದಷ್ಟೇ. ಅವನಪ್ಪ ಆಫೀಸಿಗೆ ಬಂದು 'ಕೆಲಸ ಕಿತ್ತು ಬೇರೆಯವರಿಗೆ ಕೊಡ್ರೀ' ಅಂದರು. ಕೇಳಲು ಸರಿಯೇ. ಆದರೆ ಕಿತ್ತರೆ ಆಗಿರುವ ಕೆಲಸ ಅಳೆದು ಎಂಬಿ (ಅಳತೆ ಪುಸ್ತಕ) ಮುಗಿಸಬೇಕು, ಉಳಿದದ್ದಕ್ಕೆ ಹೊಸ ದರದಲ್ಲಿ ಎಸ್ಟಿಮೇಟ್, ಮತ್ತೆ ಟೆಂಡರ್, ನಡುವೆ ಆ ಗುತ್ತಿಗೆದಾರ ಕೋರ್ಟಿಗೆ ಹೋದರೆ ಅಲ್ಲಿಗೆ ಮುಗಿಯಿತು. ಅದಕ್ಕೇ ನೋಟಿಸ್ ಕೊಡುತ್ತೇವೆ, ಅವಧಿ ವಿಸ್ತರಣೆಗೂ ಸಹಿ ಹಾಕುತ್ತೇವೆ. ಗುತ್ತಿಗೆದಾರರಿಗೂ ಇದು ಗೊತ್ತು. 9 ತಿಂಗಳ ರಸ್ತೆ 21 ತಿಂಗಳಿಗೆ ಮುಗಿಯಿತು.

ಈಗ ಎಸ್ಟಿಮೇಟಿಗೆ ಮೊದಲು ಲೈನ್‌ಮನ್ ಮತ್ತು ಪಂಚಾಯ್ತಿಯ ನೀರುಗಂಟಿ ಇಬ್ಬರನ್ನೂ ಕರೆದುಕೊಂಡು ನಡೆಯುತ್ತೇನೆ. ನೆಲದೊಳಗೆ ಪೈಪು ಎಲ್ಲಿದೆ ಅನ್ನುವುದು ನಕ್ಷೆಗಿಂತ ನೀರುಗಂಟಿಗೇ ಜಾಸ್ತಿ ಗೊತ್ತು. ಟೆಂಡರನ್ನು ಮಳೆ ಸುರಿಯುವಾಗಲೇ ಕರೆಯಿರಿ, ಅಕ್ಟೋಬರಿಗೆ ಕೆಲಸ ಶುರುವಾಗಲಿ ಅಂತ ಟಿಪ್ಪಣಿ ಬರೆಯುತ್ತೇನೆ. ತೀರಾ ಬಿಲೋ ಬಂದರೆ ದರ ಹೇಗೆ ಕೂಡಿಸಿದಿರಿ ಅಂತ ಲೆಕ್ಕ ಕೇಳಲು, ಭದ್ರತಾ ಠೇವಣಿ ಹೆಚ್ಚಿಸಲು ಟೆಂಡರ್ ದಾಖಲೆಯಲ್ಲೇ ಅವಕಾಶ ಇದೆ. ಕೇಳುವವರು ಕಡಿಮೆ, ಯಾಕೆಂದರೆ ಕೇಳಿದರೆ ಫೈಲು ನಿಲ್ಲುತ್ತದೆ.

ಹೋದ ವಾರ ಕಳಿಸಿದ ಎಸ್ಟಿಮೇಟ್ ವಾಪಸ್ ಬಂದಿದೆ. ಮೇಲೆ ಕೆಂಪು ಇಂಕಿನಲ್ಲಿ ಒಂದೇ ಸಾಲು: 'ಕಂಬದ ಬಾಬ್ತು ಕೈಬಿಟ್ಟು ಮಂಜೂರಾದ ಮೊತ್ತದೊಳಗೆ ಮರುಸಲ್ಲಿಸಿ.' ಈ ಸಲ ಕಂಬ ಬಿಟ್ಟಿಲ್ಲ. ಒಂದೂವರೆ ಕಿ.ಮೀ. ರಸ್ತೆ ಕಡಿಮೆ ಮಾಡಿ ಕಳಿಸಿದ್ದೇನೆ.