ಗಾಬಾ ಆಚೆಗಿನ ಬ್ರಿಸ್ಬೇನ್

ಬ್ರಿಸ್ಬೇನ್ ಅಂದರೆ ಊರಿನ ಕಡೆಯವರು ಕೇಳುವುದು ಗಾಬಾ ಮೈದಾನದ ಬಗ್ಗೆಯೇ. 2021ರ ಆ ಟೆಸ್ಟ್ ಗೆಲುವನ್ನು ಯಾರು ಮರೆತಾರು! ಆದರೆ ಈ ಊರಿನ ಸ್ವಭಾವ ತಿಳಿಯಬೇಕಾದರೆ ಇಲ್ಲಿನದೇ ಆದ ದ ಸೇಂಟ್ಸ್ ಎಂಬ ಪಂಕ್ (ವೇಗದ, ಒರಟು ರಾಕ್ ಸಂಗೀತದ) ಬ್ಯಾಂಡಿನ ಮೊದಲ ಆಲ್ಬಂ ‘ಐ ಆಮ್ ಸ್ಟ್ರ್ಯಾಂಡೆಡ್’ ಕೇಳಬೇಕು. ಬಂದಿದ್ದು 1977ರಲ್ಲಿ.

ಹಾಡುಗಾರ ಕ್ರಿಸ್ ಬೈಲಿ ಹುಟ್ಟಿದ್ದು ಕೀನ್ಯಾದಲ್ಲಿ, ಬಾಲ್ಯ ಬೆಲ್‌ಫಾಸ್ಟಿನಲ್ಲಿ. ಗಿಟಾರ್ ನುಡಿಸುವ ಎಡ್ ಕ್ಯೂಪರ್ ಹುಟ್ಟಿದ್ದು ಜರ್ಮನಿಯಲ್ಲಿ. ಇಬ್ಬರೂ ಅಪ್ಪ ಅಮ್ಮನ ಜೊತೆ ವಲಸೆ ಬಂದು ಇನಾಲಾ, ಆಕ್ಸ್‌ಲಿ ಎಂಬ ಹೊರವಲಯದ ಬಡಾವಣೆಗಳಲ್ಲಿ ಬೆಳೆದವರು. ಹಾಗಲಕಾಯಿ, ಬೆಂಡೆಕಾಯಿ ಬೇಕಾದರೆ ನಾವು ಇವತ್ತು ಹೋಗುವುದು ಅದೇ ಇನಾಲಾದ ವಿಯೆಟ್ನಾಮಿ ಅಂಗಡಿಗಳಿಗೆ. ಬೇರೆ ಬೇರೆ ದೇಶಗಳಿಂದ ಬಂದವರ ಮಕ್ಕಳು ಅಲ್ಲಿ ಈಗಲೂ ಓಡಾಡುತ್ತಿರುತ್ತಾರೆ. ಈ ಆಲ್ಬಂ ನನಗೆ ಇಷ್ಟು ಹತ್ತಿರವಾಗಲು ಅದೂ ಕಾರಣ.

ಆಗ ಬ್ರಿಸ್ಬೇನ್ ಇರುವ ಕ್ವೀನ್ಸ್‌ಲೆಂಡ್ ರಾಜ್ಯದಲ್ಲಿ ಜೋ ಬ್ಯೆಲ್ಕೆ-ಪೀಟರ್ಸನ್ ಆಡಳಿತ. 1977ರಲ್ಲಿ ಬೀದಿ ಮೆರವಣಿಗೆಗಳನ್ನೇ ನಿಷೇಧಿಸಿದ ಸರ್ಕಾರ ಅದು. ಸೇಂಟ್ಸ್ ಹುಡುಗರಿಗೆ ವೇದಿಕೆ ಸಿಗುವುದೇ ಕಷ್ಟ. ಪೆಟ್ರಿ ಟೆರೇಸಿನಲ್ಲಿ ತಾವಿದ್ದ ಮನೆಯನ್ನೇ ಕ್ಲಬ್ ಮಾಡಿಕೊಂಡು ನುಡಿಸಿದರು. 1976ರಲ್ಲಿ ಶೀರ್ಷಿಕೆ ಹಾಡನ್ನು ತಾವೇ 500 ಪ್ರತಿ ಒತ್ತಿಸಿ ಪತ್ರಿಕೆಗಳಿಗೂ ರೇಡಿಯೊಗಳಿಗೂ ಕಳಿಸಿದರು. ಲಂಡನ್ನಿನ ‘ಸೌಂಡ್ಸ್’ ವಾರಪತ್ರಿಕೆ ಅದನ್ನು ಮನಸಾರೆ ಹೊಗಳಿದ ಮೇಲೆಯೇ ಇಎಂಐ ರೆಕಾರ್ಡ್ ಕಂಪನಿ ಇವರತ್ತ ತಿರುಗಿದ್ದು. ಇವರು ಆ ಹಾಡು ಒತ್ತಿಸಿದಾಗ ಲಂಡನ್ನಿನ ಪಂಕ್ ಬ್ಯಾಂಡುಗಳ ಮೊದಲ ರೆಕಾರ್ಡ್ ಇನ್ನೂ ಹೊರಬಿದ್ದಿರಲಿಲ್ಲ. ದೂರದ ಮೂಲೆಯ ಈ ಊರಿನ ಹುಡುಗರು ಅವರಿಗಿಂತ ಮುಂದಿದ್ದರು!

ಆಲ್ಬಂ ರೆಕಾರ್ಡ್ ಮಾಡಿದ್ದು ಎರಡೇ ದಿನದಲ್ಲಿ. ಆ ಅವಸರ ಕಿವಿಗೆ ಗೊತ್ತಾಗುತ್ತದೆ. ಪೀಠಿಕೆ ಗೀಠಿಕೆ ಏನಿಲ್ಲ, ಕ್ಯೂಪರ್ ಗಿಟಾರ್ ಶುರುವಾದರೆ ಮರದ ಮಿಲ್ಲಿನ ಗರಗಸದ ಹಾಗೆ ಒಂದೇ ಸಮ. ಇಷ್ಟೆಲ್ಲ ಗದ್ದಲದ ನಡುವೆ ಬೈಲಿ ಕಿರುಚುವುದಿಲ್ಲ. ಪದಗಳನ್ನು ಎಳೆದೆಳೆದು, ಯಾರಿಗೂ ಕೇರ್ ಮಾಡದವನ ಗತ್ತಿನಲ್ಲಿ ಹಾಡುತ್ತಾನೆ. ನನ್ನ ಮೆಚ್ಚಿನದು ‘ಮೆಸ್ಸಿನ್ ವಿತ್ ದ ಕಿಡ್’. ಸುಮಾರು ಆರು ನಿಮಿಷದ ನಿಧಾನದ ಹಾಡು. ಇವರದು ಬರೀ ಅಬ್ಬರ ಅನ್ನುವವರು ಇದನ್ನು ಕೇಳಲೇಬೇಕು, ದನಿಯಲ್ಲಿ ಎಂಥ ನೋವಿದೆ!

ಬೈಲಿ 2022ರಲ್ಲಿ ತೀರಿಕೊಂಡರು. ಓದಲು, ಕೆಲಸಕ್ಕೆ ಅಂತ ಇಲ್ಲಿಗೆ ಹೊರಟಿರುವ ನಮ್ಮ ಹುಡುಗ ಹುಡುಗಿಯರೇ, ವಿಮಾನ ಹತ್ತುವ ಮುಂಚೆ ಈ ಆಲ್ಬಂ ಒಮ್ಮೆ ಪೂರ್ತಿ ಕೇಳಿ. ಅರ್ಧ ಗಂಟೆ ಸಾಕು. ಫೋನಿನ ಸ್ಪೀಕರಿನಲ್ಲಿ ಬೇಡ, ಒಳ್ಳೆ ಹೆಡ್‌ಫೋನ್ ಹಾಕಿಕೊಂಡು ಜೋರಾಗಿ ಕೇಳಿ.